ಮೊರದ ಸುತ್ತ ಕೂತವರು

ಡಿಸೆಂಬರ್ ಬಂತೆಂದರೆ ನನ್ನ ಕಾಲುಗಳು ನನ್ನ ಮಾತು ಕೇಳುವುದಿಲ್ಲ, ಮೂಗಿನ ಮಾತು ಕೇಳುತ್ತವೆ. ನಿನ್ನೆ ಸಂಜೆ ಬಿ.ಪಿ. ಮಾತ್ರೆ ತರುತ್ತೇನೆಂದು ಮನೆಯಿಂದ ಹೊರಟವನು ಆರ್.ಟಿ. ನಗರದ ಔಷಧದ ಅಂಗಡಿಯನ್ನು ದಾಟಿ, ಅದರ ಪಕ್ಕದ ಬೇಕರಿಯನ್ನೂ ದಾಟಿ, ಮೂಲೆಯ ತಳ್ಳುಗಾಡಿಯ ಮುಂದೆ ಹೋಗಿ ನಿಂತಿದ್ದೆ. ಗಾಡಿಯ ತುಂಬ ಅವರೆಕಾಯಿ. ಅದರ ಸೊಗಡನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿ ಉಪಯೋಗವಿಲ್ಲ. ಆದರೂ ಹೇಳುತ್ತೇನೆ: ಚಳಿ ಬಿದ್ದ ಮೇಲೆ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯ ಪಸೆಯಂತೆ ಕೂರುವ, ಕೈಗೆ ಹತ್ತಿದರೆ ಯಾವ ಸೋಪಿಗೂ ಜಗ್ಗದ ಒಂದು ಘಮಲು ಅದು. ಒಂದು ಕಾಯಿ ಎತ್ತಿ ಮೂಸಿದೆ. ಇನ್ನೊಂದು ಎತ್ತಿ ಮೂಸಿದೆ. ಗಾಡಿಯಾಕೆ ನನ್ನನ್ನೇ ನೋಡುತ್ತಿದ್ದವಳು, "ಯಜಮಾನ್ರೇ, ಮೂಸಕ್ಕೆ ಕಾಸಿಲ್ಲ, ತಗಂಡ್ರೆ ಮಾತ್ರ ಕಾಸು" ಎಂದಳು. ಅವಮಾನ ತಪ್ಪಿಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚೇ ಕೊಂಡೆ. ಮಾತ್ರೆ ಮರೆತೆ.

ಮನೆಗೆ ಬಂದರೆ ನಜೀರನ ಬೈಗುಳ ಕಾದಿತ್ತು. ನಜೀರ್ ಎಂದರೆ ನನ್ನ ಜೊತೆ ಬಾಳಿದವನು. ಒಂದು ಕಾಲಕ್ಕೆ ಈ ಬಡಾವಣೆಯ ಅರ್ಧ ಹೆಂಗಸರ ರವಿಕೆಗಳನ್ನು ಹೊಲಿದ ಟೈಲರ್. ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ, ಆ ಕೋಪವನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಾನೆ. "ಮಾತ್ರೆ ಎಲ್ಲಿ?" ಎಂದ. ಚೀಲ ತೋರಿಸಿದೆ. ಅವನೂ ಒಂದು ಕಾಯಿ ಎತ್ತಿ ಮೂಸಿದ. ಬೈಗುಳ ಅಲ್ಲಿಗೆ ನಿಂತಿತು.

ನಾನು ಈ ಅವರೆಕಾಯಿಯ ವಿಷಯ ಎತ್ತಿದ್ದಕ್ಕೆ ಬೇರೆ ಕಾರಣವಿದೆ. ನಾಳೆ ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ನನ್ನ ಭಾಷಣ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಹಿರಿಯ ಹೋರಾಟಗಾರರು, ಸಲಿಂಗಿಗಳ ಹಕ್ಕುಗಳ ಚಳವಳಿ' ಎಂದು ಅಚ್ಚಾಗಿದೆ. ಹಿರಿಯ ಎಂಬುದನ್ನು ಒಪ್ಪುತ್ತೇನೆ, ಮಂಡಿಗಳೇ ಸಾಕ್ಷಿ. ಹೋರಾಟಗಾರ ಎಂಬುದನ್ನು ಓದಿದಾಗಲೆಲ್ಲ ಯಾರೋ ಬೇರೆಯವರ ಕೋಟು ಹಾಕಿಕೊಂಡ ಹಾಗೆ ಆಗುತ್ತದೆ. ಚಿಲ್ಲರೆಗಾಗಿ ಬಸ್ ಕಂಡಕ್ಟರನ ಜೊತೆ ಜಗಳವಾಡುವುದಕ್ಕೂ ಧೈರ್ಯ ಸಾಲದೆ ಇಳಿದುಹೋದವನು ನಾನು. ಕಾರ್ಯಕ್ರಮದ ವಿದ್ಯಾರ್ಥಿನಿ ಫೋನು ಮಾಡಿ, "ಸರ್, ನಿಮ್ಮ ಹೋರಾಟ ಎಲ್ಲಿ ಶುರುವಾಯ್ತು? ಒಂದೇ ಲೈನಲ್ಲಿ ಹೇಳಿ ಸರ್, ಪೋಸ್ಟರ್‌ಗೆ ಬೇಕಿತ್ತು" ಎಂದಳು. "ಗಂಗಾನಗರದಲ್ಲಿ, ಒಂದು ಮೊರದ ಸುತ್ತ ಕೂತು ಅವರೆಕಾಯಿ ಬಿಡಿಸ್ತಾ ಇದ್ದಾಗ" ಎಂದೆ. ಆಕೆ ಮರ್ಯಾದೆಗೆ ನಕ್ಕು, "ಅಲ್ಲ ಸರ್, ಸೀರಿಯಸ್ಸಾಗಿ ಹೇಳಿ" ಎಂದಳು. ಸೀರಿಯಸ್ಸಾಗಿಯೇ ಹೇಳಿದ್ದೆ. ಆಕೆಗೆ ಒಂದು ಸಾಲಿನಲ್ಲಿ ಹೇಳಲಾಗದ್ದನ್ನು ನಿಮಗೆ ನಿಧಾನವಾಗಿ ಹೇಳುತ್ತೇನೆ, ನಿಮಗೂ ಅವಸರವಿಲ್ಲದಿದ್ದರೆ.

ನಾನು ದೊಡ್ಡಬಳ್ಳಾಪುರದಿಂದ ಆಚೆಯ ಒಂದು ಹಳ್ಳಿಯವನು. ರಾಗಿ ಹೊಲದ ನಡುನಡುವೆ ಅವರೆಯ ಸಾಲು ಬಿಡುವ ಊರು. ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಗಂಗಾನಗರ ಆಗ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ಸಂಜೆಯಾದರೆ ಹೆಬ್ಬಾಳದ ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ನಿರಾತಂಕವಾಗಿ ಬೀಸುತ್ತಿತ್ತು. ಅಲ್ಲಿ ಜಯಲಕ್ಷ್ಮಮ್ಮನವರ ಮನೆಯ ಹಿಂದಿನ ಶೀಟು ಹೊದಿಸಿದ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮುಂದೆ ನನ್ನ ಬಾಯಲ್ಲಿ ಅವರು ಜಯಕ್ಕನಾದರು. ಮದುವೆಯಾಗದೆ ಒಂಟಿಯಾಗಿದ್ದ ಐವತ್ತರ ಹೆಂಗಸು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಕಿವಿಯ ಮೇಲೆ ಹೆಡ್‌ಫೋನು ಕೂತೂ ಕೂತೂ ತಲೆಗೂದಲಲ್ಲಿ ಒಂದು ಗೆರೆಯೇ ಬಿದ್ದಿತ್ತು. ಹೆಂಗಸೊಬ್ಬಳು ತಾನೇ ಮನೆ ಕಟ್ಟಿಸಿಕೊಂಡು ತಾನೇ ಬೀಗ ಹಾಕಿ ಕೆಲಸಕ್ಕೆ ಹೋಗಿಬರುವುದು ಬೀದಿಯವರಿಗೆ ಅರಗದ ವಿಷಯವಾಗಿತ್ತು.

ಬಾಡಿಗೆ ಕೊಡುವಾಗ ಜಯಕ್ಕ ಒಂದೇ ಒಂದು ಷರತ್ತು ಹಾಕಿದರು. "ನೋಡಿ, ಬ್ಯಾಚುಲರ್‌ಗೆ ಕೊಡ್ತಾ ಇರೋದು ಇದೇ ಮೊದಲು. ರೂಮಿಗೆ ಹೆಣ್ಮಕ್ಕಳು ಬರಕೂಡದು. ಅದೊಂದು ನಡೆಸಿಕೊಟ್ರೆ ಸಾಕು."

ಓದುಗರೇ, ಬಾಡಿಗೆದಾರರ ಚರಿತ್ರೆಯಲ್ಲಿ ಇಷ್ಟು ಹಗುರವಾದ ಷರತ್ತಿಗೆ ಯಾರೂ ಒಪ್ಪಿರಲಾರರು. ನನಗೆ ಹೆಣ್ಣುಮಕ್ಕಳ ಮೇಲೆ ಮನಸ್ಸು ಹೋಗುವುದಿಲ್ಲ, ಹೋಗುವುದೇನಿದ್ದರೂ ಗಂಡಸರ ಮೇಲೆ ಎಂಬುದು ನನಗೆ ಹದಿನಾರರ ಹೊತ್ತಿಗೇ ಗೊತ್ತಿತ್ತು. ಅದನ್ನು ಹೇಳಲು ನನ್ನ ಹಳ್ಳಿಯಲ್ಲಿ ಮಾತೇ ಇರಲಿಲ್ಲ. ಇದ್ದ ಒಂದೆರಡು ಮಾತು ಬೈಯುವುದಕ್ಕೆ ಮಾತ್ರ ಬರುತ್ತಿದ್ದವು. ಕಾನೂನಿನ ಕಣ್ಣಲ್ಲೂ ಅದು ಅಪರಾಧವಾಗಿದ್ದ ಕಾಲ. ಕೆಲವೇ ತಿಂಗಳಲ್ಲಿ ನಾನು ಆ ಬೀದಿಯ ಆದರ್ಶ ಯುವಕನಾಗಿಬಿಟ್ಟೆ. ಹೆಂಗಸರು ತಮ್ಮ ಮಕ್ಕಳಿಗೆ, "ನೋಡ್ರೋ, ತಲೆ ಎತ್ತಿ ಒಂದು ಹುಡುಗಿ ಕಡೆ ನೋಡಲ್ಲ" ಎಂದು ನನ್ನನ್ನು ತೋರಿಸುತ್ತಿದ್ದರು. ಹೊಗಳಿಕೆಯನ್ನು ನಾನು ಬಹಳ ವಿನಯದಿಂದ ಸ್ವೀಕರಿಸುತ್ತಿದ್ದೆ.

ಆದರೆ ನಾನೊಬ್ಬನೇ ಹೀಗಲ್ಲ ಎಂದು ಗೊತ್ತಾದದ್ದೂ ಈ ಊರಲ್ಲಿಯೇ. ಮೊದಲು ನಜೀರ್ ಸಿಕ್ಕಿದ. ಪ್ಯಾಂಟಿನ ಅಳತೆ ಕೊಡಲು ಹೋಗಿದ್ದೆ. ಅದರ ವಿವರ ನಿಮಗೆ ಬೇಡ, ಪ್ಯಾಂಟು ಮಾತ್ರ ಚೆನ್ನಾಗಿ ಕೂತಿತು. ಅವನ ಮೂಲಕ ಬ್ಯಾಂಕಿನ ಗುಮಾಸ್ತೆ ಗೋಪಾಲ, ಗೋಪಾಲನ ಮೂಲಕ ಇನ್ನೂ ಮೂರು ನಾಲ್ಕು ಮಂದಿ. ಅವರಲ್ಲಿ ಒಬ್ಬನಿಗೆ ಪಾರ್ಕಿನಲ್ಲಿ ಏಟು ಬಿದ್ದಿತ್ತು. ಗೋಪಾಲನಿಗೆ ಮನೆಯವರು ಹಠ ಹಿಡಿದು ಮದುವೆ ಮಾಡಿಸಿದ್ದರು. ನಮಗೆ ಬೇಕಾಗಿದ್ದದ್ದು ಹೆಚ್ಚೇನಿಲ್ಲ, ಕೂತು ಮಾತಾಡಲು ಒಂದು ಜಾಗ. ಹೋಟೆಲಿನಲ್ಲಿ ಮಾತಾಡುವಂತಿಲ್ಲ, ಪಾರ್ಕಿನಲ್ಲಿ ಕೂರುವಂತಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಎಲ್ಲರೂ ನನ್ನ ಕೋಣೆಗೆ ಬರತೊಡಗಿದರು.

ಬಂದವರು ಮೊದಲು ಮಾಡುತ್ತಿದ್ದ ಕೆಲಸ ಬಾಗಿಲು ಹಾಕುವುದು. ಆಮೇಲೆ ಕಿಟಕಿ. ಗಾಳಿಯಾಡದ ಶೀಟಿನ ಕೋಣೆಯಲ್ಲಿ ಬೆವರುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ, ಯಾರೂ ಬಾಯಿ ಬಿಡದೆ ಕೂರುತ್ತಿದ್ದೆವು. ಮಾತಾಡಲೆಂದೇ ಇಷ್ಟು ದೂರ ಬಂದು, ಬಸ್ಸಿನ ನೂಕುನುಗ್ಗಲು, ಹವಾಮಾನ ಇಂಥದ್ದನ್ನು ಮಾತಾಡಿ ಎದ್ದುಹೋಗುತ್ತಿದ್ದೆವು. ಈಗ ನೆನೆದರೆ ನಗು ಬರುತ್ತದೆ. ಆಗ ನಗು ಬರುತ್ತಿರಲಿಲ್ಲ.

ಎದುರು ಮನೆಯಲ್ಲಿ ನಂಜುಂಡಯ್ಯ ಎಂಬ ಹಿರಿಯರಿದ್ದರು. ತೂಕ ಮತ್ತು ಅಳತೆಯ ಇಲಾಖೆಯಿಂದ ನಿವೃತ್ತರಾದ ಮೇಲೆ ಬೀದಿಯವರ ನಡತೆಯನ್ನು ತೂಗುವ ಕೆಲಸ ಹಚ್ಚಿಕೊಂಡಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರು ಜಯಕ್ಕನ ಮನೆಯಿಂದ ಹೊರಬರುವುದನ್ನು ಕಂಡೆ. ಸ್ವಲ್ಪ ಹೊತ್ತಿಗೆ ಜಯಕ್ಕ ಕರೆದರು.

"ನಂಜುಂಡಯ್ಯನವರು ಬಂದಿದ್ರು. ನಿಮ್ಮ ರೂಮಲ್ಲಿ ಇಸ್ಪೀಟು ನಡೆಯುತ್ತಂತೆ."

"ಇಲ್ಲ ಅಮ್ಮ."

"ಗೊತ್ತು. ಇಸ್ಪೀಟಾಡೋರು ಇಷ್ಟು ಸುಮ್ಮನೆ ಆಡಲ್ಲ." ಆಮೇಲೆ ದನಿ ತಗ್ಗಿಸಿದರು. "ಇಪ್ಪತ್ತು ವರ್ಷ ಈ ಊರವರ ಮಾತು ಕನೆಕ್ಟ್ ಮಾಡಿದ್ದೀನಿ. ಯಾರು ಯಾರ ಹತ್ರ ಹೇಗೆ ಮಾತಾಡ್ತಾರೆ ಅಂತ ದನಿ ಕೇಳಿದ್ರೆ ಗೊತ್ತಾಗುತ್ತೆ. ನೀವೂ ಆ ಟೈಲರ್ ಹುಡುಗನೂ ಗೇಟಿನ ಹತ್ರ ಮಾತಾಡೋದು ಕೇಳಿಸಿಕೊಂಡಿದ್ದೀನಿ."

ಕೋಣೆ ಹೋಯಿತು, ಮರ್ಯಾದೆ ಹೋಯಿತು, ಹಳ್ಳಿಗೆ ಸುದ್ದಿ ಮುಟ್ಟಿದರೆ ಅಮ್ಮನೂ ಹೋದಳು ಎಂದುಕೊಂಡೆ. "ಈ ತಿಂಗಳ ಕೊನೆಗೆ ಖಾಲಿ ಮಾಡ್ತೀನಿ" ಎಂದೆ.

"ಯಾರು ಖಾಲಿ ಮಾಡಿ ಅಂದ್ರು? ಬಾಗಿಲು ಯಾಕೆ ಹಾಕ್ಕೋತೀರ ಅಂತ ಕೇಳ್ದೆ ಅಷ್ಟೆ. ಹಾಕಿದ ಬಾಗಿಲು ಕಂಡ್ರೆ ಜನಕ್ಕೆ ತಲೆ ಓಡೋಕೆ ಶುರುವಾಗುತ್ತೆ. ತೆಗೆದಿರೋ ಬಾಗಿಲು ಯಾರೂ ನೋಡಲ್ಲ. ಮಧ್ಯಾಹ್ನ ಎಲ್ಲರನ್ನೂ ನನ್ನ ನಡುಮನೆಗೆ ಕರ್ಕೊಂಡು ಬನ್ನಿ. ನಿಮ್ಮಮ್ಮ ಕಳಿಸಿರೋ ಅವರೆಕಾಯಿ ಮೂಟೆ ಹಾಗೇ ಬಿದ್ದಿದೆ, ನಾನೊಬ್ಬಳೇ ಎಷ್ಟು ಅಂತ ಬಿಡಿಸ್ಲಿ?"

ಆ ಮೂಟೆ ಹಿಂದಿನ ದಿನ ದೊಡ್ಡಬಳ್ಳಾಪುರದ ಬಸ್ಸಿನ ಮೇಲೆ ಬಂದಿತ್ತು. ಅವರೆಯ ಕಾಲದಲ್ಲಿ ನಮ್ಮ ಕಡೆ ಒಂದು ಪದ್ಧತಿಯಿದೆ: ಮನೆಗೆ ಯಾರೇ ಬರಲಿ, ಏನೇ ಕೆಲಸಕ್ಕೆ ಬರಲಿ, ಮೊರದ ಮುಂದೆ ಕೂತು ಕಾಯಿ ಬಿಡಿಸುತ್ತಲೇ ಮಾತಾಡಬೇಕು. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳ ನಡುವೆ ಹಿತುಕಿ ಸಿಪ್ಪೆ ಬಿಡಿಸಿದರೆ ಹಿತಕಿದ ಬೇಳೆ. ಒಬ್ಬರಿಂದ ಆಗುವ ಕೆಲಸವಲ್ಲ. ಅವರೆಕಾಲದಲ್ಲಿ ಒಂದು ಮನೆಯಲ್ಲಿ ಐದಾರು ಮಂದಿ ಕೂತಿದ್ದರೆ ಇವರೇಕೆ ಕೂತಿದ್ದಾರೆ ಎಂದು ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ, ಸಾರಿಗೆ ಯಾವಾಗ ಬರಲಿ ಎಂದಷ್ಟೇ ಕೇಳುತ್ತಾರೆ.

ಆ ಮಧ್ಯಾಹ್ನ ಜಯಕ್ಕ ಮುಂಬಾಗಿಲನ್ನು ಗೋಡೆಗೆ ತಾಗುವಷ್ಟು ತೆಗೆದಿಟ್ಟು, ನಡುವೆ ದೊಡ್ಡ ಮೊರ ಇಟ್ಟು, ನಮ್ಮನ್ನು ಸುತ್ತ ಕೂರಿಸಿದರು. ಹೆದರಿಕೆಯಿಂದ ನಾವೆಲ್ಲ ತಲೆ ತಗ್ಗಿಸಿ ಕಾಯಿ ಬಿಡಿಸಿದೆವು. ಸ್ವಲ್ಪ ಹೊತ್ತಿಗೆ ನಂಜುಂಡಯ್ಯನವರು ಬಂದು ಬಾಗಿಲಲ್ಲಿ ನಿಂತರು. ಇಸ್ಪೀಟು ಹಿಡಿಯಲು ಬಂದವರಿಗೆ ಅವರೆಕಾಯಿ ಕಂಡು ನಿರಾಸೆಯಾದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. "ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ" ಎಂದು ಜಯಕ್ಕ ಅವರ ಮುಂದೆಯೂ ಒಂದಷ್ಟು ಸುರಿದರು. ಅವರು ಪಂಚೆ ಎತ್ತಿಕಟ್ಟಿ ಕೂತೇಬಿಟ್ಟರು. ನಜೀರ್ ಬಿಡಿಸಿದ ಕಾಳುಗಳನ್ನು ನೋಡಿ, "ಏನಯ್ಯಾ, ಹುಳ ಇರೋದನ್ನೂ ಹಾಕ್ತಾ ಇದ್ದೀಯಲ್ಲ" ಎಂದು ಗದರಿಸಿದರು. "ನಮ್ದು ಬಟ್ಟೆ ಕೆಲಸ ಸರ್, ಹುಳ ಗೊತ್ತಾಗಲ್ಲ" ಎಂದ ಇವನು. ಮುದುಕರಿಗೆ ಇವನ ಮೇಲೆ ಎಂಥ ಪ್ರೀತಿ ಹುಟ್ಟಿತೆಂದರೆ ಮುಂದಿನ ಯುಗಾದಿಗೆ ಅವರ ಜುಬ್ಬ ಇವನೇ ಹೊಲಿದ.

ಅವರು ಎದ್ದುಹೋದ ಮೇಲೆ, ಬಾಗಿಲು ತೆಗೆದೇ ಇದ್ದಾಗ, ಪಾರ್ಕಿನಲ್ಲಿ ಏಟು ತಿಂದಿದ್ದವನು ತಲೆ ಎತ್ತದೆ, ಕೈ ನಿಲ್ಲಿಸದೆ, ಆದದ್ದನ್ನೆಲ್ಲ ಹೇಳಿದ. ಯಾರೂ ಅವನ ಮುಖ ನೋಡಲಿಲ್ಲ; ಎಲ್ಲರ ಕಣ್ಣೂ ಮೊರದಲ್ಲಿತ್ತು. ನಮಗೆ ಇಷ್ಟು ದಿನ ಬೇಕಾಗಿದ್ದದ್ದು ಅದೇ ಎಂದು ಆಗ ಹೊಳೆಯಿತು. ಮುಖಾಮುಖಿ ಕೂತರೆ ಹೇಳಲಾಗದ ಮಾತು ಕೈಯಲ್ಲಿ ಕೆಲಸವಿದ್ದರೆ ತಾನೇ ಬರುತ್ತದೆ. ಇವತ್ತಿಗೂ ಯಾವ ಊರಿಗೆ ಸಭೆಗೆ ಹೋದರೂ ನಾನು ಕುರ್ಚಿ ಮೈಕು ಕೇಳುವುದಿಲ್ಲ, ಮೊರ ಕೇಳುತ್ತೇನೆ. ಅವರೆ ಮುಗಿದರೆ ಹುಣಸೆಹಣ್ಣು, ಹುಣಸೆ ಮುಗಿದರೆ ಅಕ್ಕಿಯಲ್ಲಿ ಕಲ್ಲು ಆರಿಸುವುದು. ನಮ್ಮ ಚಳವಳಿಯಿಂದ ಜನರಿಗೆ ಬೇರೇನು ಸಿಕ್ಕಿತೋ ಕಾಣೆ, ಜಯಕ್ಕನ ಮನೆಯ ಅನ್ನದಲ್ಲಿ ಕಲ್ಲಂತೂ ಸಿಗಲಿಲ್ಲ.

ಆ ಮನೆಯಲ್ಲಿ ಫೋನಿತ್ತು. ಫೋನಿಗಾಗಿ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ ಬೀದಿಗೆಲ್ಲ ಅದೊಂದೇ. "ನಂಬರ್ ಕೊಡಿ, ತೊಂದರೇಲಿರೋರು ಭಾನುವಾರ ಮಾಡ್ಲಿ" ಎಂದು ಜಯಕ್ಕನೇ ಹೇಳಿದರು. ನಂಬರು ಬಾಯಿಂದ ಬಾಯಿಗೆ ಎಲ್ಲೆಲ್ಲಿಗೋ ಹೋಯಿತು. ತುಮಕೂರು, ಕೋಲಾರ, ಹೆಸರು ಹೇಳದ ಊರುಗಳಿಂದ ಕರೆ ಬರುತ್ತಿದ್ದವು. ಎಷ್ಟೋ ಮಂದಿ ಕರೆ ಮಾಡಿ ಮಾತೇ ಆಡುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಬೇರೆಯವರಾಗಿದ್ದರೆ ಇಟ್ಟುಬಿಡುತ್ತಿದ್ದರು. ಜಯಕ್ಕ ಎಕ್ಸ್‌ಚೇಂಜಿನ ಅದೇ ಸಮಾಧಾನದ ದನಿಯಲ್ಲಿ, "ಲೈನಲ್ಲೇ ಇರಿ. ಮಾತಾಡದಿದ್ರೂ ಪರವಾಗಿಲ್ಲ, ಕಟ್ ಮಾಡಬೇಡಿ. ಹುಡುಗರು ಇಲ್ಲೇ ಅವರೆಕಾಯಿ ಬಿಡಿಸ್ತಾ ಇದ್ದಾರೆ, ಕೊಡ್ತೀನಿ" ಎನ್ನುತ್ತಿದ್ದರು. ಆ ಮಾತು ಕೇಳಿ ಬದುಕಿ ಉಳಿದೆ ಎಂದು ಹೇಳಿದವರನ್ನು ನಾನು ಆಮೇಲೆ ಕಂಡಿದ್ದೇನೆ. ಜಯಕ್ಕನಿಗೆ ಹೇಳಿದಾಗ, "ಅದು ನಮ್ಮ ಡ್ಯೂಟಿ ಕಣೋ" ಎಂದು ಕನ್ನಡಕ ಒರೆಸಿಕೊಂಡರು.

ಇನ್ನು ಅಮ್ಮನ ವಿಷಯ. ಇದನ್ನು ಹೇಳದೆ ತಪ್ಪಿಸಿಕೊಳ್ಳಲು ಇಷ್ಟು ಹೊತ್ತು ಅತ್ತಿತ್ತ ಅಲೆದೆನೋ ಏನೋ.

ಮುಂದಿನ ಅವರೆಕಾಲಕ್ಕೆ ಮೂಟೆಯ ಜೊತೆ ಅಮ್ಮನೇ ಬಂದಳು. ಬಸ್ಸಿಳಿದವಳ ಮುಖದಲ್ಲಿ ಕಳೆ ತುಂಬಿತ್ತು. ಅವಳ ಅಣ್ಣ, ಎಂದರೆ ನನ್ನ ಸೋದರಮಾವ, ತನ್ನ ಮಗಳು ರತ್ನಳನ್ನು ನನಗೆ ಕೊಡುವುದಾಗಿ ಮಾತು ಎತ್ತಿದ್ದ. ಅಮ್ಮನ ಬಹುದಿನದ ಆಸೆ ಅದು. ನಾನು ಮೂಟೆ ಹೊತ್ತುಕೊಂಡು ನಡೆದೆ. ಹಾಳಾದ್ದು ಅಂದು ಭಾನುವಾರ. ಮಧ್ಯಾಹ್ನ ಗೆಳೆಯರೆಲ್ಲ ಬಂದರು, ಹಿಂದಿನ ದಿನವೇ ನೆನೆಹಾಕಿದ್ದ ಕಾಳು ಮೊರಕ್ಕೆ ಬಂತು, ಅಮ್ಮನೂ ಸೆರಗು ಸಿಕ್ಕಿಸಿ ನಮ್ಮ ನಡುವೆ ಕೂತಳು. ಅವಳು ಹಿತುಕುವ ವೇಗಕ್ಕೆ ನಮ್ಮ ಕೈಗಳು ನಾಚಿಕೊಂಡವು.

ಅಮ್ಮನ ಮುಂದೆ ಯಾರೂ ಏನೂ ಮಾತಾಡಲಾರರು ಎಂದುಕೊಂಡಿದ್ದೆ. ಗೋಪಾಲನಿಗೆ ಅಂದು ತಡೆಯಲಾಗಲಿಲ್ಲ. ಆದರೂ ತನ್ನದೆಂದು ಹೇಳಲಿಲ್ಲ. "ನನ್ನ ಫ್ರೆಂಡ್ ಒಬ್ಬನಿದ್ದಾನೆ" ಎಂದು ಶುರುಮಾಡಿದ. ಆ ಫ್ರೆಂಡಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ, ಗೊತ್ತಿದ್ದೂ ಮದುವೆಯಾದ, ಹೆಂಡತಿ ಒಳ್ಳೆಯವಳು, ದಿನಾ ಅಡಿಗೆಮನೆಯಲ್ಲಿ ಸದ್ದಿಲ್ಲದೆ ಅಳುತ್ತಾಳೆ, ತನ್ನದೇ ಏನೋ ಕುಂದು ಎಂದುಕೊಂಡು ದೇವರಿಗೆ ಹರಕೆ ಹೊರುತ್ತಾಳೆ. ಗೋಪಾಲ ಹೇಳಿ ಮುಗಿಸಿದ. ಅಮ್ಮ ತಲೆ ಎತ್ತದೆ ಕೇಳಿದಳು: "ಆ ಉಡ್ಗಿ ಏನ್ ಪಾಪ ಮಾಡಿತ್ತಪ್ಪಾ?"

ಗೆಳೆಯರು ಹೊರಟರು, ಜಯಕ್ಕ ಒಳಗೆ ಹೋದರು. ಮೊರದಲ್ಲಿ ಇನ್ನೂ ಕಾಳು ಉಳಿದಿತ್ತು. ತೆಗೆದ ಬಾಗಿಲಿಂದ ಸಂಜೆಯ ಬಿಸಿಲು ನಮ್ಮಿಬ್ಬರ ಕೈಗಳ ಮೇಲೆ ಬಿದ್ದಿತ್ತು. ನಾನು ಅಮ್ಮನ ಮುಖ ನೋಡದೆ, ಕಾಳು ನೋಡುತ್ತ, ಹೇಳಿಬಿಟ್ಟೆ. "ಅಮ್ಮ, ನಾನೂ ಆ ಫ್ರೆಂಡಿನ ತರಾನೇ."

ಅಮ್ಮನ ಕೈ ನಿಲ್ಲಲಿಲ್ಲ. ಹಿತುಕುತ್ತಲೇ, "ಆಸ್ಪತ್ರೇಲಿ ತೋರ್ಸುದ್ಯಾ?" ಎಂದಳು.

"ಕಾಯಿಲೆ ಅಲ್ಲ ಕಣಮ್ಮ. ನಾನಿರೋದೇ ಹೀಗೆ."

"ಯಾರಾನಾ ಏನಾನಾ ಮಾಡ್ಸವ್ರಾ?"

"ಇಲ್ಲಮ್ಮ."

ಮೊರದಲ್ಲಿ ಚದುರಿದ್ದ ಸಿಪ್ಪೆಯನ್ನು ಒಂದು ಕಡೆಗೆ ಒತ್ತರಿಸಿದಳು. ಆಮೇಲೆ ಅಂದಳು: "ಆ ಬ್ಯಾಂಕಿನಯ್ಯ ಏಳ್ದ್ನಲ್ಲ, ಅವ್ನ ಪ್ರೆಂಡು ಅಂತ. ಅದು ಅವ್ನೇ ಅಲ್ವಾ?"

"ಹೂಂ."

"ನಂಗೊತ್ತಾಯ್ತು. ಕೈನಾಗೆ ಕಾಳು ಇಡ್ಕಂಡೇ ಕುಂತಿದ್ದ, ಒಂದೂ ಇತುಕ್ಲಿಲ್ಲ." ಇನ್ನೊಂದು ಹಿಡಿ ಕಾಳು ತನ್ನ ಕಡೆ ಎಳೆದುಕೊಂಡಳು. "ನೀ ಏಳೋದು ನಂಗೆ ಪೂರಾ ಅರ್ತ ಆಗಾಕಿಲ್ಲ ಮಗ. ಸುಳ್ಳು ಯಾಕೇಳ್ಲಿ. ಆದ್ರೆ ನಮ್ ರತ್ನುನ್ನ ಅಂಗೆ ಅಡ್ಗೆಮನೇಲಿ ಅಳ್ಸಕ್ಕೆ ನನ್ಕೈಲಿ ಆಗಾಕಿಲ್ಲ. ನಮ್ಮಣ್ಣಂಗೆ ನಾನೇ ಓಗಿ ಏಳ್ತೀನಿ."

"ಏನಂತ ಹೇಳ್ತೀಯಮ್ಮ?"

"ಉಡ್ಗಿ ನಂಗೆ ಒಪ್ಪಿಗೆ ಆಗ್ಲಿಲ್ಲ ಅಂತ. ನಿನ್ ಯೆಸ್ರು ಯಾಕೆ ಎತ್ಲಿ?"

ಹಾಗೆಯೇ ಮಾಡಿದಳು. ಒಡಹುಟ್ಟಿದ ತಂಗಿಯೇ ತನ್ನ ಮಗಳನ್ನು ಒಲ್ಲೆ ಎಂದಳೆಂದು ಮಾವನಿಗೆ ಬೆಂಕಿ ಬಿದ್ದಂತಾಯಿತು. ಜನರ ಮುಂದೆ, "ಇವತ್ತಿಗೆ ನಿಂಗೆ ತವ್ರು ಇಲ್ಲ ಅನ್ಕೋ" ಎಂದನಂತೆ. ಅಮ್ಮ ಮರುಮಾತಾಡದೆ ಎದ್ದುಬಂದಳಂತೆ. ಇದನ್ನು ಅವಳು ನನಗೆ ಹೇಳಲಿಲ್ಲ, ಅಪ್ಪ ಹೇಳಿದ. ಅಪ್ಪ ಎಮ್ಮೆಗಳ ಜೊತೆ ಆಡಿದಷ್ಟು ಮಾತನ್ನು ನಮ್ಮ ಜೊತೆ ಆಡಿದವನಲ್ಲ. ಅವನೇ ಹೇಳಿದನೆಂದರೆ ಅವಳ ಸಂಕಟ ಎಷ್ಟಿತ್ತೆಂದು ತಿಳಿಯಿರಿ.

ಗೌರಿ ಹಬ್ಬ ಬಂತು. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಅಣ್ಣತಮ್ಮಂದಿರು ತವರಿನಿಂದ ಬಾಗಿನ ತಂದುಕೊಡುವ ಹಬ್ಬ. ಎರಡು ಹೊಸ ಮೊರ, ಒಂದರಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಬಟ್ಟೆ, ಬೇಳೆ, ಬೆಲ್ಲ, ತೆಂಗಿನಕಾಯಿ. ಇನ್ನೊಂದು ಅದರ ಮೇಲೆ ಮುಚ್ಚಳ. ಮಾವ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ವರ್ಷ ನಾನು ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಬಾಗಿಲು ಸಾರಿಸಿ, ರಂಗೋಲಿ ಬಿಟ್ಟು, ಬಸ್ಸು ಬರುವ ದಾರಿ ನೋಡುತ್ತ ಒಳಕ್ಕೂ ಹೊರಕ್ಕೂ ಓಡಾಡುತ್ತಿದ್ದಳು. ಮಾವ ಬರಲಿಲ್ಲ. "ಬಸ್ಸು ಸಿಕ್ಕಿರಾಕಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕದ ಮನೆಯವರ ಬಾಗಿನ ನೋಡಲು ಕರೆದರೆ ತಲೆನೋವೆಂದು ಹೋಗಲಿಲ್ಲ. ನನಗಾಗಿ ಅವಳು ಕಳೆದುಕೊಂಡದ್ದು ಏನೆಂದು ನಾನು ಕಣ್ಣಾರೆ ಕಂಡದ್ದು ಅವತ್ತು.

ಆ ವಾರ ಗಂಗಾನಗರದಲ್ಲಿ ಅಕ್ಕಿ ಆರಿಸುತ್ತ ಇದನ್ನು ಹೇಳಿದೆ. ನಜೀರ್ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದು, "ಜಯಕ್ಕಾ, ಈ ಬಾಗಿನ ಹಬ್ಬದ ದಿನಾನೇ ಕೊಡ್ಬೇಕಾ?" ಎಂದು ಕೇಳಿದ.

"ಗಣೇಶನ್ನ ನೀರಿಗೆ ಬಿಡೋವರೆಗೂ ಕೊಡಬಹುದು" ಎಂದರು ಜಯಕ್ಕ. ಶಾಸ್ತ್ರದಲ್ಲಿ ಹಾಗಿದೆಯೋ, ಆ ಕ್ಷಣಕ್ಕೆ ಅವರೇ ಮಾಡಿದ ಶಾಸ್ತ್ರವೋ, ನಾನು ವಿಚಾರಿಸಲು ಹೋಗಲಿಲ್ಲ.

ಗೋಪಾಲ ಯಶವಂತಪುರದ ಮಾರ್ಕೆಟ್ಟಿನಿಂದ ಹೊಸ ಮೊರದ ಜೋಡಿ ತಂದ. ಜಯಕ್ಕ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ತುಂಬಿದರು. ರವಿಕೆ ಬಟ್ಟೆ ಇಡುವ ಕಡೆ ನಜೀರ್ ಹೊಲಿದ ರವಿಕೆಯನ್ನೇ ಇಟ್ಟ, ಹಸಿರು ಬಣ್ಣದ್ದು, ತೋಳಿಗೆ ಸಣ್ಣ ಅಂಚು. "ಅಳತೆ ಇಲ್ದೆ ಹೇಗೆ ಹೊಲಿದೆಯೋ?" ಎಂದರೆ, "ಒಂದು ಮಧ್ಯಾಹ್ನ ಎದುರಿಗೆ ಕೂತು ಕಾಳು ಹಿತುಕಿದ್ದಾರಲ್ಲ ಗುರು, ಇನ್ನೇನು ಅಳತೆ?" ಎಂದ.

ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಇಡೀ ದಾರಿ ಅವನು ಬಾಗಿನವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಮ್ಮ ಮನೆಯ ಅಂಗಳದಲ್ಲಿ ನಿಂತಾಗ ಮಾತ್ರ ಅವನ ಧೈರ್ಯವೆಲ್ಲ ಇಳಿದುಹೋಯಿತು. ಅಕ್ಕಪಕ್ಕದ ಹೆಂಗಸರು ಇಣುಕುತ್ತಿದ್ದರು. ಅಮ್ಮ ಒಳಗಿಂದ ಬಂದಳು, ಮೊರದ ಜೋಡಿ ನೋಡಿದಳು, ಅವನ ಮುಖ ನೋಡಿದಳು. ಅವನು ಕೈ ಚಾಚಿ, "ಅಕ್ಕಾ, ತಗೊಳ್ಳಿ" ಎಂದಷ್ಟೇ ಅಂದ. ನಾನು ದೇವರನ್ನು ಅಷ್ಟಾಗಿ ನೆನೆಯುವವನಲ್ಲ, ಅವತ್ತು ನೆನೆದೆ.

ಅಮ್ಮ ಸೆರಗನ್ನು ಎಳೆದು ಮೊರದ ಮೇಲೆ ಮುಚ್ಚಿ, ಎರಡು ಕೈಯಲ್ಲೂ ಹಿಡಿದುಕೊಂಡಳು. ತವರಿನ ಬಾಗಿನ ಹಿಡಿಯುವುದು ಹಾಗೆಯೇ. "ಯಾರಮ್ಮಾ ಅದು, ಬಾಗ್ನ ತಂದಿರೋದು?" ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. ಅಮ್ಮ ಅಳುತ್ತಿದ್ದಳು, ಆದರೂ ಕೇರಿಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ ತಮ್ಮ ಕಣವ್ವಾ! ಬೆಂಗ್ಳೂರ್ನಾಗವ್ನೆ!" ಅಪ್ಪ ಮಾತಾಡದೆ ಒಳಗಿಂದ ಹೊಸ ಚಾಪೆ ತಂದು ಹಾಸಿದ.

ಊಟವಾದ ಮೇಲೆ ಹೊರಡುವಾಗ ಅಮ್ಮ ನಜೀರನನ್ನು ಪಕ್ಕಕ್ಕೆ ಕರೆದಳು. ನನಗೂ ಕೇಳಿಸಿತು. "ನೋಡಪ್ಪಾ, ಬಾಗ್ನ ಕೊಟ್ಮ್ಯಾಕೆ ನೀನು ತವ್ರು. ತವ್ರಿನೋರು ಉಣ್ಣಕ್ಕೆ ಬರೋರಲ್ಲ, ಕಷ್ಟ ಬಂದ್ರೆ ಬರೋರು. ನನ್ ಮಗನ್ನ ಒಂಟಿ ಮಾಡ್ಬ್ಯಾಡ." ಅವನು ಹೂಂ ಎಂದ. ಮದುವೆಯ ಮಂಟಪ, ಓಲಗ, ತಾಳಿ ಯಾವುದೂ ನಮ್ಮ ಪಾಲಿಗೆ ಬರಲಿಲ್ಲ. ನಮಗೆ ಬಂದದ್ದು ಅಮ್ಮನ ಆ ಮಾತು. ಅದಕ್ಕಿಂತ ಹೆಚ್ಚಿನದು ನನಗೆ ಬೇಕೆಂದು ಎಂದೂ ಅನ್ನಿಸಲಿಲ್ಲ.

ಇದರಲ್ಲಿ ಒಂದು ತೊಡಕೂ ಆಯಿತು. ಅಮ್ಮನ ತಮ್ಮನೆಂದ ಮೇಲೆ ನಜೀರ್ ಲೆಕ್ಕದಲ್ಲಿ ನನಗೆ ಸೋದರಮಾವ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆ ಅವಕಾಶವನ್ನು ಬಿಡುವವನೇ? ಇವತ್ತಿಗೂ ಕೋಪ ಬಂದರೆ ನನ್ನನ್ನು "ಏನ್ರೀ ಅಳಿಯಂದ್ರೇ" ಎನ್ನುತ್ತಾನೆ. ಅಮ್ಮ ಇದ್ದಷ್ಟು ವರ್ಷವೂ ಪ್ರತಿ ಗೌರಿಗೆ ಬಾಗಿನ ಹೋಯಿತು, ಅದರಲ್ಲಿ ಅವನು ಹೊಲಿದ ರವಿಕೆ ಇತ್ತು. ರತ್ನಳಿಗೆ ಒಳ್ಳೆಯ ಕಡೆ ಮದುವೆಯಾಯಿತು. ಮಾವ ಮಾತ್ರ ಕೊನೆಯವರೆಗೂ ಬರಲಿಲ್ಲ, ಅಮ್ಮ ಅವನನ್ನು ಒಂದು ದಿನವೂ ಬೈಯಲಿಲ್ಲ.

ಆಮೇಲಿನದನ್ನು ಜನ ಹೋರಾಟ ಎನ್ನುತ್ತಾರೆ. ಎಂಬತ್ತರ ದಶಕ ಪೂರ್ತಿ ಆ ನಡುಮನೆಯಲ್ಲಿ ಮೊರದ ಸುತ್ತ ಜನ ಹೆಚ್ಚುತ್ತ ಹೋದರು. ಠಾಣೆಯಲ್ಲಿ ಕೂಡಿಹಾಕಿದವರನ್ನು ಬಿಡಿಸಲು ಹೋದೆವು. ನಮ್ಮ ಪರ ಮಾತಾಡಬಲ್ಲ ವಕೀಲರನ್ನು ಹುಡುಕಿದೆವು. ಹಳ್ಳಿಗಳಿಗೆ ಹೋಗಿ, ಗಾಬರಿಯಾದ ತಾಯಂದಿರ ಜೊತೆ ಕೂತು ಅವರ ಮನೆಯ ಹುಣಸೆಹಣ್ಣು ಬಿಡಿಸಿಕೊಟ್ಟೆವು. ಗೋಪಾಲ ತನ್ನ ಹೆಂಡತಿಗೆ ನಿಜ ಹೇಳಿದ. ಇಬ್ಬರೂ ಬೇರೆಯಾದರು, ಆಕೆ ಓದು ಮುಂದುವರಿಸಿ ಕೆಲಸಕ್ಕೆ ಸೇರಿದಳು. ಕೋರ್ಟು, ಮೆರವಣಿಗೆ, ಟೀವಿ ಎಲ್ಲ ಬಂದದ್ದು ಎಷ್ಟೋ ವರ್ಷಗಳ ನಂತರ, ನಮಗಿಂತ ಗಟ್ಟಿ ಗಂಟಲಿನ ಹುಡುಗ ಹುಡುಗಿಯರ ಕಾಲದಲ್ಲಿ. ಜಯಕ್ಕ ಈಗಿಲ್ಲ. ಅವರ ಮನೆಯಿದ್ದ ಕಡೆ ಮೊಬೈಲ್ ಫೋನಿನ ಅಂಗಡಿ ಇದೆ. ಕೇಳಿದ್ದರೆ ಜಯಕ್ಕ ನಗುತ್ತಿದ್ದರು.

ನಿನ್ನೆ ಊಟವಾದ ಮೇಲೆ ಗೋಡೆಗೆ ನೇತುಹಾಕಿದ್ದ ಮೊರ ಇಳಿಸಿದೆ. ಅಮ್ಮ ಹೋದ ಮೇಲೆ ಊರಿನಿಂದ ನಾನು ತಂದ ಒಂದೇ ವಸ್ತು ಅದು, ಮೊದಲ ವರ್ಷದ ಬಾಗಿನದ್ದು. ಅಂಚು ಸವೆದಿದೆ, ನಜೀರ್ ಒಂದೆರಡು ಕಡೆ ದಪ್ಪ ದಾರದಲ್ಲಿ ಹೊಲಿದಿದ್ದಾನೆ. ಇಬ್ಬರೂ ಕಾಯಿ ಬಿಡಿಸುತ್ತ ಕೂತೆವು. "ನಾಡಿದ್ದು ಏನ್ ಭಾಷಣ?" ಎಂದು ಕೇಳಿದ.

"ಆ ಹೋರಾಟಗಾರ ಅನ್ನೋದನ್ನ ತೆಗೆಸಿಬಿಡೋಣ ಅಂತಿದ್ದೆ. ಈಗ ಇರಲಿ ಅನ್ನಿಸ್ತಿದೆ. ಹೋರಾಟ ಮಾಡಿದ್ದು ಅಮ್ಮ, ತವರು ಬಿಟ್ಟಿದ್ದು ಅವಳು. ಅದನ್ನ ಹೇಳ್ತೀನಿ. ಮೊರಾನೂ ತಗೊಂಡು ಹೋಗ್ತೀನಿ."

ನಜೀರ್ ತಲೆಯಾಡಿಸಿದ. ಮಂಜುಗಣ್ಣಿಗೆ ಕಾಣದಿದ್ದರೂ ಬೆರಳಿಗೆ ಹುಳ ಸಿಕ್ಕಿತು, ಆರಿಸಿ ಹಾಕಿದ. ಆಮೇಲೆ ನಮ್ಮ ಫ್ಲ್ಯಾಟಿನ ಬಾಗಿಲ ಕಡೆ ಕೈ ತೋರಿಸಿ, "ಬಾಗಿಲು ಯಾಕ್ರೀ ಹಾಕಿದ್ದೀರ ಅಳಿಯಂದ್ರೇ?" ಎಂದ.

ಸೊಳ್ಳೆಗಾಗಿ ಹಾಕಿದ್ದೆ. ಈ ಕಟ್ಟಡದಲ್ಲಿ ಎಲ್ಲರೂ ಹಾಕಿಯೇ ಇರುತ್ತಾರೆ. ಎದ್ದು ಹೋಗಿ ಗೋಡೆಗೆ ತಾಗುವಷ್ಟು ತೆಗೆದೆ. ಸೊಗಡು ನನಗಿಂತ ಮೊದಲು ಹೊರಗೆ ಹೋಗಿರಬೇಕು. ಎದುರು ಮನೆಗೆ ಹೊಸದಾಗಿ ಬಂದ ಹುಡುಗಿ, ನಮ್ಮನ್ನು ಕಂಡರೆ ಮೊಬೈಲಿನಲ್ಲಿ ಮುಖ ಹುದುಗಿಸುತ್ತಿದ್ದವಳು, ಬಾಗಿಲ ಹತ್ತಿರ ಬಂದು ನಿಂತಳು. "ಅಂಕಲ್, ಅವರೆಕಾಯಾ? ನಮ್ಮಜ್ಜಿ ಮನೇಲಿ ಇದೇ ವಾಸನೆ."

ಮೊರವನ್ನು ಸ್ವಲ್ಪ ಅವಳ ಕಡೆ ಸರಿಸಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.